ಎರಡನೇ ಈಡು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ವತ್ಸಲಾಳ ಊಟದ ಮೇಜಿನ ಮೇಲೆ ಒಂದು ಲೋಟ ಇಡಲೂ ಜಾಗ ಉಳಿದಿರಲಿಲ್ಲ. ಗಂಡ ಲಕ್ಷ್ಮೀಶ ಹಳೇ ಬೆಡ್‌ಶೀಟು ಹಾಸಿ, ತನ್ನ ಬೇಟೆಯ ಸಾಮಾನನ್ನೆಲ್ಲ ಹರಡಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಕೂತಿದ್ದ. ಸೀಸದ ಗುಂಡುಗಳು, ಎಣ್ಣೆ ಸವರಿದ ಬಟ್ಟೆಯ ತುಂಡುಗಳು, ಕೇಪಿನ ಡಬ್ಬಿ, ಹಿತ್ತಾಳೆಯ ಸಣ್ಣ ಕೊಳವೆಗಳು, ಗಜ, ಸೂಜಿ. ಎಮ್ಮೆಯಷ್ಟು ತಾಳ್ಮೆಯಿದ್ದ ಹೆಂಗಸಿಗೂ ರೇಗುವಂಥ ದೃಶ್ಯ. ಮೊದಲಾಗಿದ್ದರೆ ವತ್ಸಲಾ ಖಂಡಿತ ರೇಗುತ್ತಿದ್ದಳು. ಈ ಒಂದು ವರ್ಷದಿಂದ ಅವಳು ಗಂಡನ ಮೇಲೆ ರೇಗುವುದನ್ನೇ ಬಿಟ್ಟುಬಿಟ್ಟಿದ್ದಳು.

ಲಕ್ಷ್ಮೀಶ ಸುಳ್ಯದ ಕಡೆಯವನು. ನೈರೋಬಿಯ ಎಂಬಕಸಿಯಲ್ಲಿ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಮ್ಯಾನೇಜರು. ಅಜ್ಜನ ಕಾಲದ ಕೇಪಿನ ಕೋವಿಯ ಹುಚ್ಚು ಅವನ ಜೊತೆಗೇ ವಿಮಾನ ಹತ್ತಿ ನೈರೋಬಿಗೆ ಬಂದಿತ್ತು. ಕೀನ್ಯಾ ಸರ್ಕಾರ ಬೇಟೆಗೆ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು, ಆದರೆ ಹುಚ್ಚಿಗೆ ಬಾಗಿಲು ಹಾಕುವ ಸರ್ಕಾರ ಇನ್ನೂ ಬಂದಿಲ್ಲ ನೋಡಿ. ವರ್ಷಕ್ಕೊಂದೆರಡು ಸಲ ಗಡಿ ದಾಟಿ ಟಾಂಜಾನಿಯಾಕ್ಕೆ ಹೋಗಿ, ಪರವಾನಗಿ ಇರುವ ಬೇಟೆ ಕಂಪನಿಯೊಂದರ ಜೊತೆ ಕಾಡುಹಂದಿ ಹೊಡೆದು ಬರುತ್ತಿದ್ದ. ಕೋವಿ ಆ ಕಂಪನಿಯ ಕ್ಯಾಂಪಿನಲ್ಲೇ ಬೀಗದೊಳಗಿರುತ್ತಿತ್ತು. ಮರುತುಂಬುವ ಸಾಮಾನನ್ನು ಮಾತ್ರ, ಬೇಕಾದ ಕಾಗದಪತ್ರ ಮಾಡಿಸಿ, ಇಲ್ಲಿಂದಲೇ ಒಯ್ಯುತ್ತಿದ್ದ. ಬೇರೆಯವರು ಅಳೆದ ಮದ್ದನ್ನು ಅವನು ನಂಬುತ್ತಿರಲಿಲ್ಲ.

ಈ ಕೋವಿಯ ಸಂಗತಿಯೇ ಹಾಗೆ. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು, ಬಟ್ಟೆ ಸುತ್ತಿದ ಗುಂಡು ಇಳಿಸಬೇಕು, ಗಜವೆಂಬ ಸಲಾಕೆಯಿಂದ ಜಡಿಯಬೇಕು, ಹಿಂದೆ ಕಿಡಿ ಹಾರಿಸುವ ಕೇಪು ಸಿಕ್ಕಿಸಬೇಕು. ಒಂದು ಸಲ ಹೊಡೆದರೆ ಮುಗಿಯಿತು. ಎರಡನೇ ಈಡಿಗೆ ಮತ್ತೆ ಮೊದಲಿನಿಂದ ತುಂಬಬೇಕು. ಎದುರಿಗೆ ಗಾಯಗೊಂಡ ಹಂದಿಯಿದ್ದರೆ ಚೀಲದೊಳಗೆ ಏನಿದೆ ಎನ್ನುವುದರ ಮೇಲೆಯೇ ಮನುಷ್ಯನ ಕೈಕಾಲು ನಿಂತಿರುತ್ತದೆ.

"ನಾಲ್ಕು ಈಡಿಗೆ ಆಗುವಷ್ಟು ಸಾಕಾ, ಆರಕ್ಕೆ ಬೇಕಾ? ಎಂತ ಹೇಳ್ತಿ?" ಎಂದ ಲಕ್ಷ್ಮೀಶ.

"ನನ್ನನ್ಯಾಕೆ ಕೇಳ್ತೀರಿ? ನಂಗೇನು ಗೊತ್ತಾಗತ್ತೆ ಇದೆಲ್ಲ."

"ಅದೂ ಹೌದು ಮಾರಾಯ್ತಿ. ನಿನ್ನತ್ರ ಕೇಳಿದ್ರೆ ಪುನಃ ಬಿ.ಪಿ. ಮಾತ್ರೆ ಕೊಟ್ಟೀಯ." ಅವನು ಬಾಯ್ತುಂಬ ನಕ್ಕ. ಆ ನಗೆಯಲ್ಲಿ ಕೊಂಕಿರಲಿಲ್ಲ. ಕೊಂಕಾದರೂ ಇದ್ದಿದ್ದರೆ ವತ್ಸಲಾಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಆಗಿದ್ದಿಷ್ಟು. ಹೋದ ವರ್ಷ ಆಗಸ್ಟಿನಲ್ಲಿ ಲಕ್ಷ್ಮೀಶ ಆಫೀಸಿನಿಂದಲೇ ನೇರ ಬೇಟೆಗೆ ಹೊರಡುವುದೆಂದಾಯಿತು. ವತ್ಸಲಾ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿದ್ದಳು. ಅವಳು ಕೆಲಸ ಮಾಡುವ ಸಂಸ್ಥೆಯ ಮೂರು ದೇಶದ ಜನ ಅವಳ ಮಾತು ಕೇಳುತ್ತಿರುವಾಗ ಇವನ ಫೋನು ಬಂತು. "ಚೀಲ ರೆಡಿ ಉಂಟು. ಶೆಲ್ಫಿನಲ್ಲಿರುವ ಮದ್ದಿನ ಡಬ್ಬಿ ಒಂದು ಹಾಕು. ಮುಟಿಂಡಾ ಬಂದು ತಗೊಂಡು ಹೋಗ್ತಾನೆ." ಅಷ್ಟು ಹೇಳಿ ಇಟ್ಟುಬಿಟ್ಟ. ಮುಟಿಂಡಾ ಬೇಟೆ ಕಂಪನಿಯ ಟ್ರ್ಯಾಕರು, ಇದ್ದದ್ದು ನೈರೋಬಿಯಲ್ಲೇ. ಶೆಲ್ಫಿನಲ್ಲಿ ಒಂದೇ ಅಳತೆಯ ಎರಡು ಹಸಿರು ಚಹಾ ಡಬ್ಬಿಗಳಿದ್ದವು. ಒಂದರಲ್ಲಿ ಅವನ ಮಾತ್ರೆಗಳು. ಇನ್ನೊಂದರಲ್ಲಿ ಕೋವಿಮದ್ದು ಅಳೆದು ತುಂಬಿದ ಮೂರು ಹಿತ್ತಾಳೆ ಕೊಳವೆಗಳು. ಸುಳ್ಯದವನ ಬಾಯಲ್ಲಿ ಎರಡೂ ಮದ್ದೇ. ಜ್ವರಕ್ಕೆ ನುಂಗುವುದೂ ಮದ್ದು, ಕೋವಿಗೆ ಸುರಿಯುವುದೂ ಮದ್ದು. ಮೈಸೂರಿನವಳಾದ ವತ್ಸಲಾಳ ಬಾಯಲ್ಲಿ ಔಷಧಿ ಬೇರೆ, ಮಾತ್ರೆ ಬೇರೆ.

ಚೀಲದೊಳಗೆ ಹೋದದ್ದು ಮಾತ್ರೆಯ ಡಬ್ಬಿ.

ಕ್ಯಾಂಪಿನಲ್ಲಿ ಮೊದಲ ಈಡನ್ನು ಹಿಂದಿನ ಸಲ ಅವನೇ ಅಳೆದು ಉಳಿಸಿದ್ದ ಮದ್ದಿನಿಂದ ತುಂಬಿಕೊಂಡು ಹೊರಟಿದ್ದರು. ಪೊದೆಯಂಚಿನಲ್ಲಿ ಲಕ್ಷ್ಮೀಶ ಹೊಡೆದ ಗುಂಡು ಹಂದಿಯ ಸೊಂಟಕ್ಕೆ ತಾಗಿತು, ಹಂದಿ ಬೀಳಲಿಲ್ಲ. ಎರಡನೇ ಈಡಿಗೆಂದು ಡಬ್ಬಿ ತೆರೆದರೆ ಮಾತ್ರೆ. ಅವನು ಪೆಕರನಂತೆ ಮಾತ್ರೆ ನೋಡುತ್ತ ನಿಂತಿದ್ದಾಗ ಹಂದಿ ನುಗ್ಗಿತು. ಜಾಡು ಹಿಡಿಯುವ ಮುಟಿಂಡಾ ಇವನನ್ನು ಪಕ್ಕಕ್ಕೆ ತಳ್ಳಿದ. ಹಂದಿಯ ಕೋರೆ ಮುಟಿಂಡಾನ ಎಡಗಾಲನ್ನು ಮೊಣಕಾಲಿನಿಂದ ಹಿಮ್ಮಡಿಯತನಕ ಸೀಳಿತು. ನೈರೋಬಿಗೆ ತಂದು ಆಸ್ಪತ್ರೆಗೆ ಸೇರಿಸಿದರು. ಗಾಯ ಮಾಗಿತು, ನರ ಮಾತ್ರ ಮತ್ತೆ ಕೂಡಲಿಲ್ಲ.

ಆಸ್ಪತ್ರೆಯಿಂದ ಲಕ್ಷ್ಮೀಶ ಅಳುತ್ತ ಫೋನು ಮಾಡಿದ್ದ. "ನೀನು ಮಾತ್ರೆ ಹಾಕಿದ್ದಿ ಮಾರಾಯ್ತಿ. ತಪ್ಪು ನಂದೇ. ಮೈಸೂರಿನವಳತ್ರ ಮದ್ದು ಅಂದ್ರೆ ಹೇಗೆ ಗೊತ್ತಾಗಬೇಕು. ಕೋವಿಗೆ ಹಾಕುವ ಮಸಿ ಅನ್ನಬೇಕಿತ್ತು, ಇಲ್ಲಾ ಗನ್‌ಪೌಡರ್ ಅನ್ನಬೇಕಿತ್ತು." ಅವಳು "ಹೂಂ" ಎಂದಳು. ಅವಳು ಆಡಿದ್ದು ಅದೊಂದೇ ಅಕ್ಷರ. ಸುಳ್ಳನ್ನು ಅವಳು ಕಟ್ಟಬೇಕಾಗಿಯೇ ಬರಲಿಲ್ಲ. ಗಂಡನೇ ಹೊಲಿದು, ಇಸ್ತ್ರಿ ಮಾಡಿ, ಕೈಗಿಟ್ಟ.

ಏಕೆಂದರೆ ಅವಳಿಗೆ ಗೊತ್ತಿತ್ತು. ಹದಿನೇಳು ವರ್ಷ ಸುಳ್ಯದವನ ಜೊತೆ ಸಂಸಾರ ಮಾಡಿದವಳಿಗೆ ಯಾವ ಮದ್ದು ಎಂದು ಗೊತ್ತಾಗದೇ ಇರುತ್ತದೆಯೇ? ಮೀಟಿಂಗಿನ ನಡುವೆ ಆಳಿಗೆ ಹೇಳಿದ ಹಾಗೆ ಹಾಕು ಎಂದನಲ್ಲ ಎಂಬ ಸಿಟ್ಟು ಒಂದು. ಈ ಕೊಲ್ಲುವ ಚಟದ ಮೇಲಿನ ಹಳೇ ಅಸಹ್ಯ ಇನ್ನೊಂದು. ಒಂದೇ ಈಡು ಹೊಡೆಯಲಿ, ತಾಗಿದರೆ ತಾಗಲಿ, ಬಿಟ್ಟರೆ ಬಿಡಲಿ, ಮತ್ತೆ ತುಂಬಲಾಗದೆ ಮುಖ ಸಣ್ಣ ಮಾಡಿಕೊಂಡು ಮನೆಗೆ ಬರಲಿ, ಜೊತೆಗೆ ಮಾತ್ರೆಯನ್ನಾದರೂ ನುಂಗಲಿ. ಅವಳ ಲೆಕ್ಕ ಅಷ್ಟೇ ಇತ್ತು. ಗಾಯಗೊಂಡ ಪ್ರಾಣಿ ತಿರುಗಿ ಬರುತ್ತದೆ ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಯುಗಾದಿಗೆ ನೈರೋಬಿಯ ಕನ್ನಡದವರೆಲ್ಲ ಸೇರಿದಾಗ ಲಕ್ಷ್ಮೀಶ ಮದ್ದಿನ ಕತೆಯನ್ನು ರಸವತ್ತಾಗಿ ಹೇಳಿದ. ಬ್ಯಾಂಕಿನ ಶ್ರೀನಿವಾಸಮೂರ್ತಿಗಳು ಹೋಳಿಗೆ ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಮಗಳು ಮೇಧಾ ಕೂಡ "ಮಾಮ್, ಯು ಆರ್ ಸೋ ಮೈಸೂರ್" ಎಂದು ಕಣ್ಣೊರೆಸಿಕೊಂಡಳು. ವತ್ಸಲಾ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಕ್ಕಳು. ಆ ರಾತ್ರಿಯಿಂದ ಅವಳಿಗೆ ಹೋಳಿಗೆ ಸೇರುವುದಿಲ್ಲ.

ಇವತ್ತಿನ ಈ ಮೇಜಿನ ಸಂತೆಗೆ ಬೇರೆ ಕಾರಣವಿತ್ತು. ಬೇಟೆ ಕಂಪನಿ ಸೋಮವಾರ ಮುಟಿಂಡಾನ ವಿಷಯ ತೀರ್ಮಾನ ಮಾಡುವುದಿತ್ತು. ಕುಂಟುತ್ತಿದ್ದರೂ ಜೀಪಿನಲ್ಲಿ ಕೂತು ಜಾಡು ಹೇಳಬಲ್ಲ, ಹೊಸಬರಿಗೆ ಕಲಿಸಬಲ್ಲ. ಆದರೆ ಹೊರಡುವ ಮುಂಚೆ ಚೀಲ ಪರೀಕ್ಷೆ ಮಾಡುವುದು ಅವನ ಹೊಣೆಯಾಗಿತ್ತು, ಮಾಡಲಿಲ್ಲ, ಅಂಥವನನ್ನು ಮತ್ತೆ ಸೇರಿಸಿಕೊಳ್ಳುವುದು ಹೇಗೆ ಎಂದು ಅವರ ತಕರಾರು. ಹಾಗಾಗಿ ಆ ದಿನ ಏನೇನು ಒಯ್ದಿದ್ದರು, ಮುಂದೆ ಏನೇನು ಒಯ್ಯುತ್ತಾರೆ, ಡಬ್ಬಿ ಹೇಗೆ ಬದಲಾಯಿತು, ಎಲ್ಲ ಬರೆದು ಕೊಡಬೇಕಿತ್ತು. ಡಬ್ಬಿ ಹಾಕಿದ ವತ್ಸಲಾಳ ಸಹಿಯೂ ಬೇಕಿತ್ತು. ಲಕ್ಷ್ಮೀಶ ಪತ್ರ ಟೈಪು ಮಾಡಿ, ಪ್ರಿಂಟು ತೆಗೆದು, ಕೇಪಿನ ಡಬ್ಬಿಯ ಕೆಳಗೆ ಹಾರದಂತೆ ಇಟ್ಟಿದ್ದ. ತನ್ನ ಹೆಂಡತಿ ಬೇರೆ ಊರಿನವಳಾದ್ದರಿಂದ ಆ ಮಾತನ್ನು ಔಷಧಿ ಎಂದು ತಿಳಿದಳು ಎಂದು ಅದರಲ್ಲಿತ್ತು. ವತ್ಸಲಾ ಬೆಳಿಗ್ಗೆಯಿಂದ ಎರಡು ಸಲ ಪೆನ್ನು ಹಿಡಿದು, ಎರಡು ಸಲವೂ ಒಲೆಯ ನೆವ ಹೇಳಿ ಎದ್ದುಹೋಗಿದ್ದಳು.

ಹನ್ನೊಂದಕ್ಕೆ ಮುಟಿಂಡಾ ಬಂದ. ಅವನಿರುವ ಪಂಗಾನಿಯಿಂದ ಇವರ ಎನ್ಗಾರಾಕ್ಕೆ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಹತ್ತು ನಿಮಿಷ. ಮೂರು ಮಹಡಿಯ ಮೆಟ್ಟಿಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಊರುಗೋಲಿನ ಶಬ್ದ ಒಂದೊಂದೇ ಮೆಟ್ಟಿಲು ಮೇಲೆ ಬರುವುದನ್ನು ವತ್ಸಲಾ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು.

"ಹಬಾರಿ, ಮಾಮಾ ಮೇಧಾ" ಎಂದ. ಮಗುವಿನ ಹೆಸರು ಹಿಡಿದು ತಾಯಿಯನ್ನು ಕರೆಯುವುದು ಅವರ ರೂಢಿ.

"ಚೆನ್ನಾಗಿದ್ದೀನಿ. ಕರೀಬು, ಬನ್ನಿ, ಕೂತ್ಕೊಳ್ಳಿ" ಎಂದಳು. ಅವನ ಕಾಲಿನ ಕಡೆ ನೋಡಬಾರದೆಂದುಕೊಂಡು ಕಾಲನ್ನೇ ನೋಡಿದಳು.

ಮುಟಿಂಡಾ ಸ್ವಾಹಿಲಿಗೆ ಇಂಗ್ಲಿಷು ಬೆರೆಸಿ ನಿಧಾನವಾಗಿ ಮಾತಾಡುವ ಮನುಷ್ಯ. ಮೇಜಿನ ಮೇಲಿನ ರಾಶಿ ನೋಡಿ ಅವನ ಹುಬ್ಬು ಏರಿತು. "ಬ್ವಾನಾ, ನೀವು ಹಂದಿ ಹೊಡೆಯಲು ಹೋಗುತ್ತೀರೋ, ಅಂಗಡಿ ಇಡಲು ಹೋಗುತ್ತೀರೋ?"

"ಈ ಸಲ ಯಾವುದೂ ಕಮ್ಮಿ ಆಗಬಾರದು" ಎಂದ ಲಕ್ಷ್ಮೀಶ. ಆರು ಈಡಿನ ಕೊಳವೆ, ಎರಡು ಕೇಪಿನ ಡಬ್ಬಿ, ಬದಲಿ ಗಜ ಎಲ್ಲವನ್ನೂ ಅವನು ಒಂದು ಕಡೆ ಜೋಡಿಸಿಟ್ಟಿದ್ದ. ತಪ್ಪು ಮಾಡಿದ್ದೇನೆ ಎಂದುಕೊಂಡವನು ಚೀಲ ತುಂಬುವ ರೀತಿಯೇ ಬೇರೆ.

ಮುಟಿಂಡಾ ಕೋಲನ್ನು ಕುರ್ಚಿಗೆ ಒರಗಿಸಿ ಒಂದೊಂದನ್ನೇ ಆರಿಸತೊಡಗಿದ. ಬದಲಿ ಗಜವನ್ನು ಪಕ್ಕಕ್ಕೆ ಸರಿಸಿದ, ಕೋವಿಯಲ್ಲೇ ಒಂದಿದೆ. ಆರು ಕೊಳವೆಗಳಲ್ಲಿ ನಾಲ್ಕನ್ನು ಹಿಂದಿಟ್ಟ. ಎರಡಕ್ಕಿಂತ ಹೆಚ್ಚು ತುಂಬುವಷ್ಟು ಹೊತ್ತನ್ನು ಯಾವ ಪ್ರಾಣಿಯೂ ಕೊಡುವುದಿಲ್ಲ ಎಂದ. ಒಂದು ಈಡಿನ ಮದ್ದು, ಗುಂಡು, ಬಟ್ಟೆ, ಕೇಪು ನಾಲ್ಕನ್ನೂ ಒಂದೇ ಸಣ್ಣ ಚೀಲಕ್ಕೆ ಹಾಕಿ ದಾರ ಎಳೆದ. "ಹೀಗಿರಬೇಕು. ಕೈ ನಡುಗುವಾಗ ನಾಲ್ಕು ಕಡೆ ಹುಡುಕಬಾರದು. ಎಡಗಡೆ ಜೇಬು. ಮುಚ್ಚಳ ಇರುವ ಡಬ್ಬಿ ಬೇಡ." ಡಬ್ಬಿ ಬೇಡ ಎನ್ನುವಾಗ ಅವನ ದನಿಯಲ್ಲಿ ಏನೂ ಇರಲಿಲ್ಲ. ವತ್ಸಲಾ ಚಹಾದ ಟ್ರೇ ತಂದು ಅವನ ಮುಂದಿಟ್ಟಳು.

ಚಹಾ ಕುಡಿಯುತ್ತ ಲಕ್ಷ್ಮೀಶ ಪತ್ರ ಓದಿ ಹೇಳಿದ. ಮುಟಿಂಡಾ ಕಣ್ಣು ಮುಚ್ಚಿ ಕೇಳಿದ.

"ಒಂದು ಮಾತು ಸೇರಿಸಿ" ಎಂದ ಅವನು. "ನಮಂಗಾ ಗಡಿಗೆ ಮುಂಚೆ ನಾನು ಕೇಳಿದ್ದೆ, ಎರಡನೇ ಈಡಿನ ಸಾಮಾನು ಚೀಲದಲ್ಲಿದೆಯಾ ಎಂದು. ನೀವು ಮನೆಗೆ ಫೋನು ಮಾಡಿದಿರಿ. ಇನ್ನೊಂದು ಸಲ ಕೇಳಿ ಎಂದೆ. ಇನ್ನೊಂದು ಸಲ ಕೇಳಿದಿರಿ."

"ಹೌದು. ಮದ್ದು ಹಾಕಿದ್ಯಾ ಅಂತ ಎರಡು ಸಲ ಕೇಳಿದೆ. ಹಾಕಿದ್ದೀನಿ ಅಂದ್ಲು, ಪಾಪ. ಅವಳ ಲೆಕ್ಕದಲ್ಲಿ ಅದು ನಿಜವೇ ಅಲ್ವಾ." ಲಕ್ಷ್ಮೀಶ ಪತ್ರವನ್ನು ಮೇಜಿನ ಮೇಲೆ ಬಿಟ್ಟ. "ಸೇರಿಸಿ ಎಂತ ಪ್ರಯೋಜನ ಮುಟಿಂಡಾ. ಮೊನ್ನೆ ಪೇಟೆಯಲ್ಲಿ ಬೇಟೆ ಕಂಪನಿಯ ಆಫೀಸಿಗೆ ಹೋಗಿ ಆ ಮ್ಯಾನೇಜರನಿಗೆ ಎಲ್ಲ ಹೇಳಿದೆ. ಅವನು ಏನಂದ ಗೊತ್ತುಂಟಾ? ಮನೆಯವರು ತಪ್ಪು ತಿಳಿಯೋದು ಇದ್ದದ್ದೇ, ಅದನ್ನು ಹಿಡಿಯಲಿಕ್ಕೇ ಟ್ರ್ಯಾಕರ್ ಇರೋದು ಅಂದ. ಯಾರಾದ್ರೂ ಗೊತ್ತಿದ್ದೂ ಸುಳ್ಳು ಹೇಳಿದ್ರೆ ಬೇರೆ ವಿಷಯ, ಆಗ ಟ್ರ್ಯಾಕರನ ತಪ್ಪಿಲ್ಲ ಅಂದ. ನಿನ್ನ ಹೆಂಡತಿ ಬೇಕೂಂತಲೇ ಮಾಡಿದಳು ಅಂತ ಬರೆದುಕೊಡ್ತೀಯಾ ಅಂತ ಕೇಳಿದ. ನಾನು ಎರಡು ಬೈದು ಎದ್ದು ಬಂದೆ."

"ಒಳ್ಳೆಯದು ಮಾಡಿದಿರಿ" ಎಂದ ಮುಟಿಂಡಾ. "ಸುಳ್ಳು ಬರೆಸಿ ಉಳಿಸಿಕೊಂಡ ಕೆಲಸ ನನಗೆ ಬೇಡ. ಅದೂ ಮಾಮಾ ಮೇಧಾಳ ಮೇಲೆ. ಆಸ್ಪತ್ರೆಗೆ ಒಂದೂವರೆ ತಿಂಗಳು ಊಟ ಕಳಿಸಿದವರು."

ಆ ಊಟ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಮಾಡುತ್ತಿದ್ದ ಚಪಾತಿ, ಬೇಳೆ, ಪಲ್ಯ. ಅದನ್ನು ಕರುಣೆ ಎಂದು ಇವನು ತಿಳಿದಿದ್ದನಲ್ಲ ಎಂದುಕೊಂಡಳು ವತ್ಸಲಾ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿರುವುದು ತನ್ನ ಮರ್ಯಾದೆಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದಳು. ಈಗ ಅವಳ ಬಾಯಿ ತೆರೆದರೆ ಈ ಮನುಷ್ಯನ ಕೆಲಸ ಉಳಿಯುತ್ತದೆ, ಮುಚ್ಚಿದ್ದರೆ ಹೋಗುತ್ತದೆ. ನಡುವೆ ಅಡಗಿ ಕೂರಲು ಜಾಗವೇ ಇರಲಿಲ್ಲ.

"ಆ ಮ್ಯಾನೇಜರ್ ಕೇಳಿದ್ದು ನಿಜ" ಎಂದಳು. ಮುಟಿಂಡಾನಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು. "ನಂಗೆ ಗೊತ್ತಿತ್ತು. ಬೇಕು ಅಂತಲೇ ಹಾಕಿದೆ."

ಲಕ್ಷ್ಮೀಶ ಲೋಟ ಕೆಳಗಿಟ್ಟ. ಆಮೇಲೆ ಅವನ ಮುಖದ ಮೇಲೆ ಎಂಥ ಪ್ರೀತಿ ಬಂತೆಂದರೆ ವತ್ಸಲಾ ಕಣ್ಣು ಬೇರೆ ಕಡೆ ತಿರುಗಿಸಬೇಕಾಯಿತು. "ನೋಡು ಮುಟಿಂಡಾ" ಎಂದ, "ನಿನ್ನ ಕೆಲಸಕ್ಕೋಸ್ಕರ ಇವಳು ಏನು ಹೇಳ್ಲಿಕ್ಕೂ ತಯಾರು. ಬೇಡ ವತ್ಸಲಾ. ಅಷ್ಟೆಲ್ಲ ಬೇಡ."

ಮುಟಿಂಡಾ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಸಾಂಟೆ, ಉಪಕಾರವಾಯಿತು ಮಾಮಾ. ನಿಮ್ಮ ಮನಸ್ಸು ದೊಡ್ಡದು. ಆದರೆ ಬೇಡ."

ಇದನ್ನು ಅವಳು ಎಣಿಸಿರಲಿಲ್ಲ. ಒಂದು ವರ್ಷ ಈ ಮಾತಿಗೆ ಹೆದರಿದ್ದಳು. ಬೈಗುಳ, ಮೌನ, ಮುಖಕ್ಕೆ ಹಾಕುವ ಬಾಗಿಲು ಎಲ್ಲವನ್ನೂ ಮನಸ್ಸಿನಲ್ಲೇ ಅನುಭವಿಸಿಬಿಟ್ಟಿದ್ದಳು. ತಪ್ಪೊಪ್ಪಿಗೆಗೆ ಕೈಮುಗಿಯುತ್ತಾರೆ ಎಂದು ಯಾರಿಗೆ ಗೊತ್ತಿತ್ತು? ಸುಮ್ಮನಿದ್ದುಬಿಡು ಎಂದು ಒಳಗೊಂದು ದನಿ ಹೇಳಿತು. ಹೇಳುವುದನ್ನು ಹೇಳಿದ್ದಾಯಿತು, ನಂಬದಿದ್ದರೆ ಅವರ ಪಾಡು. ಎಷ್ಟು ಸುಲಭವಾಗಿತ್ತು. ಪೆನ್ನು ಅಲ್ಲೇ ಇತ್ತು, ಸಹಿ ಹಾಕುವ ಜಾಗಕ್ಕೆ ಗಂಡ ಪೆನ್ಸಿಲಿನಲ್ಲಿ ಗುರುತೂ ಹಾಕಿಟ್ಟಿದ್ದ. ಅವಳ ಕೈ ಪೆನ್ನಿನ ತನಕ ಹೋಯಿತು ಕೂಡ.

"ಮಾತ್ರೆಗಳು ಹೇಗಿದ್ದವು?" ಎಂದು ಅವಳು ಮುಟಿಂಡಾನನ್ನು ಕೇಳಿದಳು. "ಅವತ್ತು, ಡಬ್ಬಿ ತೆರೆದಾಗ."

"ಹೇಗೆ ಅಂದರೆ?"

"ಬಿಡಿಯಾಗಿ ಇದ್ವಾ?"

ಮೇಜಿನ ಮೇಲಿದ್ದ ಮುಟಿಂಡಾನ ಬೆರಳುಗಳು ನಿಂತವು. "ಇಲ್ಲ" ಎಂದ. "ಬಟ್ಟೆಯಲ್ಲಿ ಸುತ್ತಿದ್ದವು. ಕೆಂಪು ಫ್ಲಾನೆಲ್ ಬಟ್ಟೆ."

"ಆ ಬಟ್ಟೆ ಕೊಳವೆಗಳದು. ನಡೆಯುವಾಗ ಕೊಳವೆ ಶಬ್ದ ಮಾಡಬಾರದು ಅಂತ ಇವರು ಸುತ್ತಿ ಇಡ್ತಿದ್ರು." ಅವಳು ಪೆನ್ನಿನಿಂದ ಕೈ ಹಿಂದೆಗೆದಳು. "ಮಾತ್ರೆ ಡಬ್ಬಿ ಎತ್ತಿದರೆ ಗಲಗಲ ಅಂತಿತ್ತು. ಕೊಳವೆ ಡಬ್ಬಿ ಹಾಗೆ ಅನ್ನಲ್ಲ. ನಿಮ್ಮ ಕೈಗೆ ಚೀಲ ಕೊಟ್ಟಾಗ ನಿಮಗೆ ಗೊತ್ತಾಗಿಬಿಡತ್ತೆ ಅಂತ ಅನಿಸ್ತು. ಅದಕ್ಕೇ ಕೊಳವೆ ಡಬ್ಬಿ ತೆಗೆದು, ಕೊಳವೆ ಬಿಚ್ಚಿ, ಆ ಬಟ್ಟೆ ತಂದು ಮಾತ್ರೆಗೆ ಸುತ್ತಿದೆ. ಕೊಳವೆಗಳು ಕೈಯಲ್ಲಿದ್ವು. ಮೂರನ್ನೂ ನೋಡಿದೆ. ಫೋನಿನಲ್ಲಿ ಇವರು ಎರಡನೇ ಸಲ ಕೇಳಿದಾಗಲೂ ಯಾವುದನ್ನ ಕೇಳ್ತಿದ್ದಾರೆ ಅಂತ ನಂಗೆ ಗೊತ್ತಿತ್ತು."

ಒಳಗಿನ ಕೋಣೆಯಲ್ಲಿ ಮೇಧಾ ಫೋನಿನಲ್ಲಿ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಹರಟುತ್ತಿದ್ದಳು. ಲಕ್ಷ್ಮೀಶ ಕನ್ನಡಕ ತೆಗೆದು ಬೆಡ್‌ಶೀಟಿನ ಅಂಚಿನಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ.

"ಆ ಬಟ್ಟೆ ನನಗೆ ಯೋಚನೆ ಹಚ್ಚಿತ್ತು" ಎಂದ ಮುಟಿಂಡಾ ಕೊನೆಗೆ. "ಆಸ್ಪತ್ರೆಯಲ್ಲಿ ಮಲಗಿ ಎಷ್ಟೋ ದಿನ ಯೋಚಿಸಿದೆ. ಮಾತ್ರೆಗೆ ಯಾಕೆ ಬಟ್ಟೆ? ಆಮೇಲೆ ನಿಮ್ಮ ಊಟ ಬರುತ್ತಿತ್ತು. ಉಣ್ಣುತ್ತಿದ್ದೆ, ಯೋಚನೆ ಬಿಡುತ್ತಿದ್ದೆ."

"ಕ್ಷಮಿಸಿ" ಎಂದಳು ವತ್ಸಲಾ. ಕನ್ನಡದಲ್ಲಿ ಅಂದಳು, ಸ್ವಾಹಿಲಿಯಲ್ಲಿ ಅಂದಳು. ಎರಡರಲ್ಲೂ ಆ ಮಾತು ಅಷ್ಟೇ ಚಿಕ್ಕದಾಗಿ ಕೇಳಿಸಿತು.

ಮುಟಿಂಡಾ ಟೈಪು ಮಾಡಿದ ಪತ್ರವನ್ನು ತಿರುಗಿಸಿ, ಖಾಲಿ ಬೆನ್ನನ್ನು ಮೇಲೆ ಮಾಡಿ, ಪೆನ್ನಿನ ಜೊತೆ ಅವಳ ಮುಂದೆ ಸರಿಸಿದ. "ಕೈಯಿಂದಲೇ ಬರೆಯಿರಿ. ಬಟ್ಟೆಯ ವಿಷಯವನ್ನೂ ಬರೆಯಿರಿ. ಇಲ್ಲದಿದ್ದರೆ ಅವರೂ ನಂಬುವುದಿಲ್ಲ."

ಅವಳು ಬರೆದಳು. ನಡುವೆ ಎರಡು ಸಲ ಅಕ್ಷರ ಕಲಸಿತು, ಕಣ್ಣೊರೆಸಿಕೊಂಡು ಬರೆದಳು. ಮದ್ದು ಎಂಬ ಮಾತಿಗೆ ಎರಡು ಅರ್ಥ ಇವೆ, ನಾನು ಸರಿಯಾದ ಅರ್ಥವನ್ನೇ ತಿಳಿದುಕೊಂಡೆ ಎಂದು ಬರೆದು ಸಹಿ ಹಾಕಿದಳು. ಮುಟಿಂಡಾ ನಿಧಾನವಾಗಿ ಪೂರ್ತಿ ಓದಿ, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಎದ್ದು ನಿಂತಾಗ ಅವಳು ಕೋಲು ಎತ್ತಿಕೊಡಲು ಬಾಗಿದಳು. ಅವನು ಅದಕ್ಕಿಂತ ಮೊದಲೇ ತಾನೇ ತೆಗೆದುಕೊಂಡ. ಬ್ವಾನಾನಿಗೆ ತಲೆಯಾಡಿಸಿ ಹೊರಟ. ಅವಳನ್ನು ಮಾಮಾ ಮೇಧಾ ಎಂದು ಕರೆಯಲಿಲ್ಲ.

ಬಾಗಿಲು ಮುಚ್ಚಿತು. ಮೆಟ್ಟಿಲಿನ ಮೇಲೆ ಕೋಲಿನ ಶಬ್ದ ಇಳಿಯುತ್ತ ಹೋಯಿತು. ಅದು ಪೂರ್ತಿ ನಿಲ್ಲುವವರೆಗೆ ಲಕ್ಷ್ಮೀಶ ಕೂತಲ್ಲಿಂದ ಅಲ್ಲಾಡಲಿಲ್ಲ. ಬೈಯಲಿ ಎಂದು ವತ್ಸಲಾ ಕಾದಳು. ಹಂದಿ ನನ್ನನ್ನೇ ಸೀಳಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲಿ ಎಂದು ಕಾದಳು.

ಅವನು ಅದನ್ನು ಕೇಳಲಿಲ್ಲ.

"ಯುಗಾದಿಯ ದಿನ" ಎಂದ, ಕನ್ನಡಕವಿಲ್ಲದ ಕಣ್ಣಿನಿಂದ ಅವಳನ್ನು ಸರಿಯಾಗಿ ಕಾಣಲಾಗದೆ, "ಅಷ್ಟು ಜನರ ಮುಂದೆ ನಾನು ಆ ಕತೆ ಹೇಳಿದೆ. ನೀನೂ ನಕ್ಕಿಯಲ್ಲ, ವತ್ಸಲಾ."